ಯಾವ ಬಟ್ಟೆಯಾದರೂ ಸಾಕು

ಹಳೆಯ ಬಟ್ಟೆ ಒಯ್ಯುವ ವ್ಯಾನು ಇನ್ನೇನು ಬರುವುದರಲ್ಲಿತ್ತು. ಅತ್ತೆ ಬೆಳಗಿನಿಂದ ಖಾಲಿ ಚೀಲ ಹಿಡಿದು ಬಟ್ಟೆಕೋಣೆಯ ಬಾಗಿಲಲ್ಲೇ ಠಳಾಯಿಸುತ್ತಿದ್ದರು. ಸೊಸೆ ಒಳಗೆ ಸ್ಟೂಲಿನ ಮೇಲೆ ಮೈಕಿನ ಮುಂದೆ ಕುಳಿತಿದ್ದಳು. ಎರಡೂ ಪಕ್ಕ ಗಂಡನ ಅಂಗಿ, ಕೋಟು, ಸ್ವೆಟರುಗಳು. ಅವನು ತೀರಿಹೋದ ಮೇಲೂ ಅವು ಹಾಗೇ ನೇತಾಡುತ್ತಿದ್ದವು.

“ಇವನ್ನ ನೋಡಿದಾಗೆಲ್ಲ ಕರುಳು ಕಿವುಚಿದ ಹಾಗಾಗುತ್ತೆ ಕಣೇ. ಇವತ್ತು ಕೊಟ್ಟುಬಿಡೋಣ.”

“ಇವಿಲ್ಲದಿದ್ರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತೆ ಅತ್ತೆ. ನನ್ನ ಕೆಲಸವೇ ನಿಂತುಹೋಗುತ್ತೆ.”

ಇಷ್ಟು ತಿಂಗಳು ಆಕೆ ಇದೇ ಮಾತು ಹೇಳಿಕೊಂಡು ಬಂದಿದ್ದಳು. ಅತ್ತೆ ನಂಬಿದ್ದರು. ಭೌತಶಾಸ್ತ್ರ ಓದಿದವಳು, ಜನಕ್ಕೆ ವಿಜ್ಞಾನ ತಿಳಿಸುವ ಪುಟ್ಟ ಪಾಡ್‌ಕಾಸ್ಟ್ ಮಾಡುವವಳು, ಸುಳ್ಳು ಹೇಳುತ್ತಾಳೆಯೇ?

ಇವತ್ತಿನ ವಿಷಯ ಕೇಳುಗರೊಬ್ಬರು ಕಳಿಸಿದ್ದು: ಖಾಲಿ ಮನೆ ಯಾಕೆ ಮಾರ್ದನಿಸುತ್ತದೆ? ಫೋನಿನ ಆಚೆ ತುದಿಯಲ್ಲಿ ಜೊತೆಗೆ ಓದಿದ ಗೆಳತಿ ಕೇಳಿಸಿಕೊಳ್ಳುತ್ತಿದ್ದಳು. ಸಂಕಲನ ಅವಳದು, ಬರಹದ ಪ್ರತಿಯೂ ಅವಳ ಮುಂದಿತ್ತು. ಕೆಮ್ಮು, ಏದುಸಿರು ಏನೇ ಬಂದರೂ ಕತ್ತರಿಸುವುದರಿಂದ ಅವಳಿಗೆ ಕತ್ತರಿ ಎಂದೇ ಹೆಸರು.

ಸೊಸೆ ಬರೆದಿಟ್ಟುಕೊಂಡಿದ್ದನ್ನು ಓದತೊಡಗಿದಳು: “ಖಾಲಿ ಮನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಬರಿಗೋಡೆ ಸದ್ದನ್ನು ತಿರುಗಿ ಎಸೆಯುತ್ತದೆ. ಬಟ್ಟೆಯ ಎಳೆಗಳ ನಡುವೆ ಹೊಕ್ಕ ಸದ್ದು ಅಲ್ಲೇ ಸಿಕ್ಕಿಕೊಂಡು ಸವೆದುಹೋಗುತ್ತದೆ.”

ಮುಂದಿನ ಸಾಲಿಗೆ ಬಂದಾಗ ಕಣ್ಣು ಬಾಗಿಲ ಸಂದಿಗೆ ಹೋಯಿತು. ಅಲ್ಲಿ ಚೀಲದ ಅಂಚು ಕಾಣುತ್ತಿತ್ತು. ಆಕೆ ಆ ಸಾಲು ಹಾರಿಸಿದಳು.

“ಏ ಪ್ರೊಫೆಸರಮ್ಮಾ, ಒಂದು ಸಾಲು ನುಂಗಿಬಿಟ್ಟೆ” ಎಂದಳು ಕತ್ತರಿ, ಕಿವಿಯೊಳಗೆ.

“ಬೇಡ ಬಿಡು. ಅದನ್ನ ಕತ್ತರಿಸು.”

“ಬೇಡ ಅಂದ್ರೆ? ಅದಿಲ್ಲದಿದ್ರೆ ಜನ ಅಂಗಿಗೇನೋ ಮಂತ್ರ ಹಾಕಿದೆ ಅಂದ್ಕೋತಾರೆ. ನೀನೇ ಬರೆದಿದ್ದಲ್ವೇನೇ?”

“ಏನೇ ಅದು ಕತ್ತರಿಸೋದು?” ಅತ್ತೆ ಹೊರಗಿನಿಂದ ಕೇಳಿದರು.

“ಏನಿಲ್ಲ ಅತ್ತೆ.”

ಬೀದಿಯಲ್ಲಿ ಹಾರನ್ ಕೂಗಿತು. ಸೊಸೆ ತುಟಿಯನ್ನು ಮೈಕಿಗೆ ತಾಗಿಸಿ ಆ ಸಾಲನ್ನು ಪಿಸುಗುಟ್ಟಿದಳು.

“ಗಟ್ಟಿಯಾಗಿ ಹೇಳೇ, ಚಾಡಿ ಹೇಳ್ತಿದ್ದೀಯಾ?” ಎಂದಳು ಕತ್ತರಿ.

ಆಕೆ ಕಣ್ಣು ಮುಚ್ಚಿ ಗಟ್ಟಿಯಾಗಿಯೇ ಓದಿದಳು: “ಇದಕ್ಕೆ ಇಂಥದೇ ಬಟ್ಟೆ ಬೇಕೆಂದಿಲ್ಲ. ಕಂಬಳಿ, ರಜಾಯಿ, ಯಾವ ದಪ್ಪ ಬಟ್ಟೆಯಾದರೂ ಸಾಕು.”

ಬಾಗಿಲು ಪೂರ್ತಿ ತೆರೆದುಕೊಂಡಿತು.

“ಯಾವುದಾದ್ರೂ ಸಾಕಾ?”

ಸೊಸೆ ತಲೆಯಾಡಿಸಿದಳು. ಬೈಗುಳಕ್ಕೆ ಕಾದಳು. ಅತ್ತೆ ಬೈಯಲಿಲ್ಲ. ಚೀಲ ಅಲ್ಲೇ ಬಿಟ್ಟು ಹೋಗಿ ತಮ್ಮ ಮಂಚದ ಮೇಲಿನ ರಜಾಯಿಗಳನ್ನು ಹೊತ್ತು ತಂದರು.

“ಹಾಗಾದ್ರೆ ಏಳು.”

ಹಾರನ್ ಮತ್ತೆ ಕೂಗಿತು. “ಇರ್ರಪ್ಪಾ, ಬೆನ್ನಿಗೆ ಬೆಂಕಿ ಬಿದ್ದವರ ಹಾಗೆ ಬಾರಿಸ್ಬೇಡಿ!” ಎಂದು ಕಿಟಕಿಯತ್ತ ಕೂಗುತ್ತಲೇ ಅತ್ತೆ ಅಂಗಿಗಳನ್ನು ಕೆಳಗಿಳಿಸಿದರು. ಸೊಸೆ ಒಂದೊಂದನ್ನೇ ಮಡಿಸಿ ಚೀಲಕ್ಕೆ ಹಾಕಿದಳು. ಸ್ವೆಟರುಗಳನ್ನು ಮಡಿಸಲಾಗಲಿಲ್ಲ, ಅವನ್ನು ಅತ್ತೆಯೇ ತುರುಕಿದರು.

ವ್ಯಾನು ಹೋದ ಮೇಲೆ ಆಕೆ ತೂಗುಹಾಕಿದ ರಜಾಯಿಗಳ ನಡುವೆ ಕುಳಿತು ಅದೇ ಸಾಲನ್ನು ಮತ್ತೊಮ್ಮೆ ಓದಿದಳು.

“ಹಾಂ, ಸಿಕ್ತು. ಧ್ವನಿ ಮೊದಲಿನ ಹಾಗೇ ಇದೆ” ಎಂದಳು ಕತ್ತರಿ.

“ಸರಿಯಾಗಿ ಕೇಳು.”

“ಕೇಳಿದೆ ಕಣೇ. ಎಳ್ಳಷ್ಟೂ ವ್ಯತ್ಯಾಸ ಇಲ್ಲ.”

ಆಕೆ ಹೆಡ್‌ಫೋನ್ ತೆಗೆದಿಟ್ಟಳು. ಒಮ್ಮೆ ಚಪ್ಪಾಳೆ ತಟ್ಟಿದಳು. ಸದ್ದು ರಜಾಯಿಯೊಳಕ್ಕೆ ಹೋಯಿತು, ತಿರುಗಿ ಬರಲಿಲ್ಲ. ಇನ್ನೊಮ್ಮೆ ತಟ್ಟಿದಳು.

“ಕರೆದೆಯೇನೇ?” ಅತ್ತೆಯ ಧ್ವನಿ ಬಾಗಿಲ ಹತ್ತಿರದಿಂದಲೇ ಬಂತು. ಅವರು ಅಲ್ಲಿಂದ ಕದಲಿರಲೇ ಇಲ್ಲ.

“ಹೂಂ ಅತ್ತೆ” ಎಂದಳು. “ಬನ್ನಿ, ಒಳಗೆ ಬನ್ನಿ.”