ಪಟ್ಟಿಯಲ್ಲಿಲ್ಲದ ಪಿಸ್ತೂಲು

ವರ್ನಾ ಪೆಂಗೆಲಿ ಪಕ್ಕದ ರಾಜ್ಯದ ರೀನೋದಿಂದ ಹಿಂದಿರುಗಿದ ಮರುದಿನ ಬೆಳಿಗ್ಗೆ, ನಾನು ನನ್ನ ಬಂದೂಕಿನ ಅಂಗಡಿ ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಗ್ರಾಸ್ ವ್ಯಾಲಿಯ ಅರ್ಧ ಊರನ್ನು ಶಾಲೆಯ ಬಸ್ಸಿನಲ್ಲಿ ಹೊತ್ತು ತಿರುಗಿಸಿ ನಿವೃತ್ತಳಾದ ಹೆಂಗಸು. ಅರವತ್ತು ದಾಟಿ ಎಷ್ಟೋ ಕಾಲವಾಯಿತು. ಅವತ್ತು ಮಾತ್ರ ಹದಿನಾರರ ಹುಡುಗಿಯ ಹಾಗೆ ಕಾಲು ಕುಣಿಸುತ್ತಿದ್ದಳು.

"ಲೈಲ್, ನನ್ನ ಕೈ ಮಾತು ಕೇಳೋ ಪಿಸ್ತೂಲು ಸಿಕ್ತು ಕಣೋ," ಅಂದಳು.

ಅವಳ ಸಂಭ್ರಮ ನನಗೆ ಅರ್ಥವಾಯಿತು. ನಮ್ಮೂರಿನ ಹೆಂಗಸರು ಪ್ರತಿ ಶನಿವಾರ ಗುರಿ ಹೊಡೆಯುವ ಪಂದ್ಯ ಆಡುತ್ತಾರೆ. ವರ್ನಾ ಅಲ್ಲಿ ರಾಣಿಯ ಹಾಗಿದ್ದವಳು. ಆದರೆ ಬೆರಳ ಗೆಣ್ಣುಗಳು ಊದಿಕೊಂಡು ಬರತೊಡಗಿದವು. ಪಿಸ್ತೂಲಿನ ಮೇಲ್ಭಾಗವನ್ನು, ಅಂದರೆ ನಾವು ಸ್ಲೈಡ್ ಅನ್ನುವುದನ್ನು, ಹಿಂದಕ್ಕೆ ಎಳೆದು ಬಿಟ್ಟರೆ ತಾನೇ ಗುಂಡು ಒಳಗೆ ಹತ್ತುವುದು? ಅದನ್ನು ಎಳೆಯಲು ಅವಳ ಕೈಲಿ ಆಗುತ್ತಿರಲಿಲ್ಲ. ಇನ್ನೊಬ್ಬರು ಎಳೆದುಕೊಡುವ ಹಾಗಿಲ್ಲ, ಅದು ಪಂದ್ಯದ ನಿಯಮ. ನನ್ನ ಅಂಗಡಿಯಲ್ಲಿದ್ದ ಪಿಸ್ತೂಲುಗಳನ್ನೆಲ್ಲ ಎಳೆದು ನೋಡಿದ್ದಳು, ಒಂದೂ ಜಗ್ಗಲಿಲ್ಲ. ಪಂದ್ಯದ ಹೊಸ ಋತು ಶುರುವಾಗುವಷ್ಟರಲ್ಲಿ ಸರಿಯಾದದ್ದು ಸಿಗದಿದ್ದರೆ ಅವಳನ್ನು ಅಂಕ ಬರೆಯುವ ಕುರ್ಚಿಗೆ ಕೂರಿಸುತ್ತಾರೆ ಅಂತ ತೀರ್ಮಾನವೂ ಆಗಿತ್ತು. ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಶವಪೆಟ್ಟಿಗೆಯಲ್ಲಿ ಮಲಗುವುದೇ ವಾಸಿ ಎಂದು ವರ್ನಾ ಎಲ್ಲರೆದುರೂ ಹೇಳಿದ್ದಳು.

ಈಗ ರೀನೋದಲ್ಲಿ ಅವಳ ಚಿಕ್ಕಮ್ಮನ ಮಗಳು ಮ್ಯಾಕ್ಸೀನ್ ತನ್ನ ಪಿಸ್ತೂಲನ್ನು ಕೈಗೆ ಕೊಟ್ಟಿದ್ದಾಳೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸ್ಲೈಡ್ ಹಿಂದಕ್ಕೆ ಬಂದಿದೆ. ಅಂಥದ್ದೇ ಒಂದು ತರಿಸಿಕೊಡು ಎಂದು ವರ್ನಾ ಅದರ ಹೆಸರು ಹೇಳಿದಳು. ಹೆಸರು ಕೇಳಿ ನನ್ನ ಮುಖ ಇಳಿಯಿತು.

"ಪಟ್ಟಿಲಿಲ್ವಾ?" ಅಂತ ಅವಳೇ ಕೇಳಿದಳು.

ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನನ್ನಂಥ ವ್ಯಾಪಾರಿ ಹೊಸ ಪಿಸ್ತೂಲು ಮಾರಬೇಕಾದರೆ ಅದು ಸರ್ಕಾರದ ಪಟ್ಟಿಯಲ್ಲಿರಬೇಕು. ತಯಾರಿಸಿದವನು ಅದನ್ನು ಪರೀಕ್ಷೆಗೆ ಕಳಿಸಬೇಕು, ಅವರು ಕೆಳಗೆ ಬೀಳಿಸಿ ನೋಡುತ್ತಾರೆ, ಗುಂಡು ಹಾರಿಸಿ ನೋಡುತ್ತಾರೆ, ಅದಿರಬೇಕು ಇದಿರಬೇಕು ಅನ್ನುತ್ತಾರೆ. ವರ್ಷ ವರ್ಷ ಶುಲ್ಕ ಕಟ್ಟದಿದ್ದರೆ ಪಾಸಾದದ್ದನ್ನೂ ಹೊರಗೆ ಹಾಕುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೊಸಬರು ಯಾರಾದರೂ ಈ ಪಟ್ಟಿಯ ವಿಷಯ ಎತ್ತಿದರೆ ನಾನು ಅರ್ಧ ಗಂಟೆ ಬೈದು ಆಮೇಲೆ ಕಾಫಿ ಕೊಡುತ್ತೇನೆ. ನನ್ನ ಹೆಂಡತಿ ಇದ್ದಾಗ ಪಟ್ಟಿ ಎಂಬ ಪದವನ್ನು ಊಟದ ಮೇಜಿನ ಹತ್ತಿರ ಆಡಕೂಡದು ಅಂತ ಕಟ್ಟಪ್ಪಣೆ ಮಾಡಿದ್ದಳು.

ವರ್ನಾ ಸೋಲೊಪ್ಪುವ ಪೈಕಿ ಅಲ್ಲ. ಅಂಗಡಿಯೊಳಗೆ ಬಂದು ಗಲ್ಲಾದ ಕಟ್ಟೆಗೆ ಮೊಣಕೈ ಊರಿ ನನ್ನನ್ನು ವಿಚಾರಣೆಗೆ ಹಿಡಿದಳು. ಯಾರಿಗೂ ಸಿಗೋದೇ ಇಲ್ವಾ ಅಂದಳು. ಪೊಲೀಸರಿಗೆ ಸಿಗುತ್ತದೆ ಅಂದೆ. ಈ ವಯಸ್ಸಿನಲ್ಲಿ ತನ್ನನ್ನು ಸೇರಿಸಿಕೊಳ್ಳುತ್ತಾರಾ ಅಂತ ಕೇಳಿದಳು, ತಮಾಷೆಗಲ್ಲ. ನಮ್ಮ ರಾಜ್ಯದೊಳಗೆ ಯಾರಾದರೂ ತಮ್ಮದನ್ನು ಮಾರಿದರೆ ನನ್ನ ಅಂಗಡಿಯ ಮೂಲಕ ಕೊಳ್ಳಬಹುದು ಅಂದೆ. ಆದರೆ ಇಲ್ಲಿ ಅದನ್ನು ಇಟ್ಟುಕೊಂಡವರು ಸಾಯುವ ತನಕ ಬಿಡುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಬೇರೆ ರಾಜ್ಯದಲ್ಲಿದ್ದರೂ ಮನೆಯವರು ಮನೆಯವರಿಗೆ ಕೊಡಬಹುದು, ಗಂಡ ಹೆಂಡತಿಗೆ ಕೊಟ್ಟರೂ ನಡೆಯುತ್ತದೆ ಅಂತ ನಾನು ಹೇಳಿದ್ದೇ ತಪ್ಪಾಯಿತು. ಅವಳು ನಿಧಾನವಾಗಿ ತಿರುಗಿ ಅಂಗಡಿಯಲ್ಲಿದ್ದ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅಷ್ಟರಲ್ಲಿ ಬಂದು ಚಳಿ ಕಾಯಿಸುವ ಒಲೆಯ ಪಕ್ಕ ಪಾಸ್ಟಿ ಅನ್ನುವ ಮಾಂಸದ ಕಡುಬು ತಿನ್ನುತ್ತಿದ್ದ ಮುದುಕರಿಬ್ಬರು ಟೋಪಿ ಸರಿಮಾಡಿಕೊಂಡರು.

"ಮೊದ್ಲು ನಿಮ್ಮ ಹತ್ರ ಆ ಪಿಸ್ತೂಲು ಇದ್ಯಾ ಹೇಳ್ರಪ್ಪ, ಮಿಕ್ಕಿದ್ದು ಆಮೇಲೆ," ಅಂದಳು.

ಇರಲಿಲ್ಲ. ಟೋಪಿಗಳು ಮತ್ತೆ ಮೊದಲಿನ ಹಾಗೆ ಓರೆಯಾದವು.

ಹಾಗಾದರೆ ಮ್ಯಾಕ್ಸೀನೇ ಮನೆಯವಳಲ್ಲವೇ ಅಂತ ವರ್ನಾ ಹಿಗ್ಗಿದಳು. ಇಲ್ಲ ಅಂದೆ. ಕಾನೂನಿನ ಕಣ್ಣಿಗೆ ಚಿಕ್ಕಮ್ಮನ ಮಗಳೂ ಮನೆಯವಳಲ್ಲ, ಒಡಹುಟ್ಟಿದ ಅಕ್ಕತಂಗಿಯರೂ ಅಲ್ಲ. ಗಂಡಹೆಂಡಿರು, ಹೆತ್ತವರು ಮಕ್ಕಳು, ಅಜ್ಜಅಜ್ಜಿ ಮೊಮ್ಮಕ್ಕಳು, ಅಷ್ಟೇ. ಇದನ್ನು ಕೇಳಿ ವರ್ನಾ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಮೊದಲು ನೋಡಿರಲಿಲ್ಲ, ಹೆದರಿಕೆಯಾಯಿತು.

ಕೊನೆಗೆ ಬಾಯಿಬಿಟ್ಟಳು. ಮ್ಯಾಕ್ಸೀನ್ ಆ ಪಿಸ್ತೂಲು ಕೊಂಡದ್ದು ಓಪಲ್ ದೊಡ್ಡಮ್ಮನ ಮಾತು ಕೇಳಿ. ಓಪಲ್‌ಗೂ ಇಂಥದ್ದೇ ಊದಿದ ಗೆಣ್ಣುಗಳು, ಅವಳ ಹತ್ತಿರವೂ ಅದೇ ಪಿಸ್ತೂಲು ಇದೆ. ಓಪಲ್ ಅಂದರೆ ವರ್ನಾಳ ತಾಯಿ.

ಇಲ್ಲಿ ನಿಮಗೊಂದು ಹಳೇ ಕಥೆ ಹೇಳಬೇಕು. ವರ್ನಾಳ ತಂದೆ ಸತ್ತು ವರ್ಷ ತುಂಬುವ ಮೊದಲೇ, ಎಂಬತ್ತರ ಹತ್ತಿರ ಹತ್ತಿರ ಇದ್ದ ಓಪಲ್, ತನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನಾದ ರೂಡಿ ಎಂಬ ಅಕಾರ್ಡಿಯನ್ ವಾದಕನನ್ನು ಮದುವೆಯಾಗಿ ರೀನೋಗೆ ಹೊರಟುಹೋದಳು. ವರ್ನಾ ಮದುವೆಗೆ ಹೋಗಲಿಲ್ಲ. ತನಗೆ ತಾಯಿಯೇ ಇಲ್ಲ ಎಂದು ನನ್ನ ಅಂಗಡಿಯಲ್ಲೇ ನಿಂತು ಸಾರಿದಳು. ಅದು ಗುಡ್ಡ ದಾಟಿ ಓಪಲ್ ಕಿವಿಗೂ ಬಿತ್ತು. ಅಲ್ಲಿಂದ ಆರು ವರ್ಷ ಇಬ್ಬರ ನಡುವೆ ಒಂದು ಕ್ರಿಸ್‌ಮಸ್ ಕಾರ್ಡು ಕೂಡ ಓಡಾಡಲಿಲ್ಲ.

ಆ ವಾರವೆಲ್ಲ ಅಂಗಡಿಗೆ ಹಬ್ಬ. ವರ್ನಾ ದಿನಾ ಬರುವಳು, ಪಟ್ಟಿಯಲ್ಲಿದ್ದ ಪಿಸ್ತೂಲೊಂದನ್ನು ಎತ್ತಿಕೊಂಡು ಹಲ್ಲು ಕಚ್ಚಿ ಎಳೆಯುವಳು, ಸೋತು ಕೆಳಗಿಟ್ಟು ಫೋನಿನ ಕಡೆ ನೋಡುವಳು. ಒಲೆಯ ಪಕ್ಕದ ಮುದುಕರು ಇವತ್ತು ಮಾಡುತ್ತಾಳೆ, ನಾಳೆ ಮಾಡುತ್ತಾಳೆ ಎಂದು ಪಾಸ್ಟಿ ಪಣ ಕಟ್ಟಿದರು. ನನಗೆ ನಗುವೂ ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ಒಂದು ದಿನ ತಡೆಯಲಾರದೆ ನಾನೇ ನಂಬರು ಒತ್ತಿ ಫೋನನ್ನು ಅವಳ ಕಿವಿಗೆ ಹಿಡಿದೆ.

ಆ ಕಡೆ ಓಪಲ್ ಹಲೋ ಅಂದಳು. ಈ ಕಡೆ ವರ್ನಾ ನಮಸ್ಕಾರವಿಲ್ಲ, ಕುಶಲವಿಲ್ಲ, ನಿನ್ನ ಪಿಸ್ತೂಲು ನನಗೆ ಬೇಕು ಅಂದುಬಿಟ್ಟಳು. ದರೋಡೆಕೋರರೂ ಇಷ್ಟು ನೇರವಾಗಿ ಮಾತು ಶುರುಮಾಡುವುದಿಲ್ಲ. ಓಪಲ್, ಶುಕ್ರವಾರ ನಾನೇ ತರ್ತೀನಿ ಎಂದು ಫೋನಿಟ್ಟಳಂತೆ. ಬೈದಳಾ ಅಂತ ನಾನು ಕೇಳಿದೆ. ಬೈಯಲಿಲ್ಲ, ಅದಕ್ಕೇ ಭಯ ಅಂದಳು ವರ್ನಾ.

ಶುಕ್ರವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಳ್ಳಲು ಬಂದವರು ಒಬ್ಬರೂ ಇಲ್ಲ. ಕಾರಿನಿಂದ ರೂಡಿ ಇಳಿದ, ಹಿಂದೆಯೇ ಓಪಲ್. ಕಡ್ಡಿಯಂಥ ಮೈ, ಕೆಂಪು ಕೋಟು, ತುಟಿಗೆ ಅದಕ್ಕಿಂತ ಕೆಂಪು ಬಣ್ಣ. ಬೀಗ ಹಾಕಿದ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ಮಗಳ ಕಡೆ ನೋಡದೆ ನನ್ನನ್ನೇ ನೋಡಿದಳು.

"ಬರ್ಕೊಳ್ಳಪ್ಪ. ನಂಗೀಗ ಇದೂ ಎಳಿಯೋಕಾಗಲ್ಲ. ಎಳಿಯೋಕಾಗೋರ ಕೈಲಿರ್ಲಿ," ಅಂದಳು.

ಸಂಬಂಧದ ಸುಳ್ಳು ಹೇಳಿಕೊಂಡು ಪಟ್ಟಿ ತಪ್ಪಿಸುವ ಜನ ಎಲ್ಲ ಕಡೆ ಇದ್ದಾರೆ. ಅದಕ್ಕೇ ದಾಖಲೆ ನೋಡಿದ ಮೇಲೂ ಇಬ್ಬರ ಬಾಯಿಂದಲೂ ಒಮ್ಮೆ ಹೇಳಿಸುವುದು ನನ್ನ ಅಂಗಡಿಯ ಪದ್ಧತಿ. ಮೂವತ್ತು ವರ್ಷದಿಂದ ಯೋಚನೆಯಿಲ್ಲದೆ ಕೇಳುತ್ತ ಬಂದ ಪ್ರಶ್ನೆಯನ್ನು ಅವತ್ತು ಕೇಳಲು ಮನಸ್ಸಾಗಲಿಲ್ಲ. ಆದರೂ ಕೇಳಿದೆ.

"ವರ್ನಾ, ಇವ್ರು ನಿಂಗೇನಾಗ್ಬೇಕು?"

ಒಲೆಯ ಪಕ್ಕದ ಮುದುಕರು ಅಗಿಯುವುದನ್ನು ನಿಲ್ಲಿಸಿದರು. ವರ್ನಾ ಪೆಟ್ಟಿಗೆ ನೋಡಿದಳು, ಅದರ ಮೇಲಿದ್ದ ತಾಯಿಯ ಕೈ ನೋಡಿದಳು. ಅದೇ ಗೆಣ್ಣು, ಅದೇ ಡೊಂಕು ಕಿರುಬೆರಳು.

"ನಮ್ಮಮ್ಮ," ಅಂದಳು.

"ಜೋರಾಗ್ ಹೇಳೇ, ನಂಗ್ ಕಿವಿ ಮಂದ," ಅಂದಳು ಓಪಲ್.

"ನಮ್ಮಮ್ಮ ಅಂದೆ."

ಓಪಲ್‌ಗೆ ಕಿವಿ ಮಂದವೇನೂ ಇರಲಿಲ್ಲ, ರೂಡಿ ಆಮೇಲೆ ನನಗೆ ಹೇಳಿದ. ಅವಳ ಸರದಿ ಬಂದಾಗ, ಇವಳು ನನ್ನ ಮಗಳು, ಹುಟ್ಟುವಾಗಲೂ ಹೀಗೇ ಸತಾಯಿಸಿದ್ದಳು ಎಂದು ಸಹಿ ಹಾಕಿದಳು. ಆಮೇಲೆ ಇಬ್ಬರಲ್ಲಿ ಯಾರು ಮೊದಲು ಅತ್ತರು ಅನ್ನುವುದರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ನಾನು ಅತ್ತದ್ದರ ಬಗ್ಗೆ ಒಂದೇ.

ಆದರೆ ಪಿಸ್ತೂಲು ಅವತ್ತೇ ಕೈಗೆ ಸಿಗುವುದಿಲ್ಲ. ಮಗಳಾದರೂ ಸೈ, ಮಹಾರಾಣಿಯಾದರೂ ಸೈ, ಹತ್ತು ದಿನ ಕಾಯಬೇಕು, ಅಲ್ಲಿಯವರೆಗೆ ಅದು ನನ್ನ ಕಬ್ಬಿಣದ ಬೀರುವಿನಲ್ಲಿರಬೇಕು. ಹಾಗಾದರೆ ಅದು ಸರಿಯಾಗಿ ಇವಳ ಕೈ ಸೇರಿದ್ದನ್ನು ನೋಡಿಯೇ ತಾನು ಹೊರಡುವುದು ಅಂದಳು ಓಪಲ್. ರೂಡಿ ಆಗಲೇ ಸೂಟ್‌ಕೇಸು ಇಳಿಸುತ್ತಿದ್ದ.

ಆ ಹತ್ತು ದಿನ ವರ್ನಾಳ ಮನೆ ಬೀದಿಗೆಲ್ಲ ಕೇಳಿಸುತ್ತಿತ್ತು. ಪರದೆಗೆ ಹೆಣದ ಬಣ್ಣ ಅಂತ ಓಪಲ್ ಹೀಯಾಳಿಸಿದಳು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿದಳು. ಬೇಸನ್ನಿನ ಹತ್ತಿರ ಹಲ್ಲುಜ್ಜುವಾಗಲೂ ಜಗಳ. ರೂಡಿ ಜಗಲಿಯಲ್ಲಿ ಕೂತು ಅಕಾರ್ಡಿಯನ್ನಿನಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸಿದ, ಪಕ್ಕದ ಮನೆಯವರು ಬೈಯಲು ಬಂದವರು ಕುಣಿದು ಹೋದರು. ಶನಿವಾರದ ಪಂದ್ಯಕ್ಕೆ ಓಪಲ್ ಹೋಗಿ, ಅಂಕ ಬರೆಯುವ ಕುರ್ಚಿಯಲ್ಲಿ ತಾನೇ ಕೂತು, ಪ್ರತಿಯೊಬ್ಬರ ಗುರಿಗೂ ಕೊಂಕು ತೆಗೆದಳು. ವರ್ನಾ ಮಾತ್ರ ಫೋನು ಮಾಡಿ ಮಾಡಿ ನನ್ನ ತಲೆ ತಿಂದಳು. ತಾನು ಹುಚ್ಚಿಯಾಗುತ್ತೇನೆ, ಈ ಹೆಂಗಸನ್ನು ಬೇಗ ಸಾಗಹಾಕು ಅನ್ನುವಳು.

ಗಡುವು ಮುಗಿದ ಬೆಳಿಗ್ಗೆ ಅವಳೊಬ್ಬಳೇ ಬಂದಳು. ನಾನು ಪೆಟ್ಟಿಗೆ ತಂದು ಮುಂದಿಟ್ಟೆ. ಅವಳು ತೆರೆಯಲಿಲ್ಲ. ಮುಚ್ಚಳದ ಮೇಲೆ ಬೆರಳಾಡಿಸುತ್ತ ನಿಂತಳು.

"ಲೈಲ್, ಇವತ್ತೇ ತಗೊಂಡ್ ಹೋಗ್ಬೇಕಾ?"

ಮೂವತ್ತು ದಿನದೊಳಗೆ ಯಾವಾಗ ಬೇಕಾದರೂ ಒಯ್ಯಬಹುದು ಅಂದೆ. ಅವಳು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. ಯಾರಾದರೂ ಕೇಳಿದರೆ ಸರ್ಕಾರದಿಂದ ಇನ್ನೂ ಒಪ್ಪಿಗೆ ಬಂದಿಲ್ಲ ಅಂತ ಹೇಳು ಎಂದು, ಮೂಗು ಒರೆಸಿಕೊಂಡು, ಮೆಟ್ಟಿಲಿಳಿದು ಹೋದಳು.

ಅವಳ ಕಾರು ತಿರುವು ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ಓಪಲ್. ಪಿಸ್ತೂಲಿನ ಗತಿ ಏನಾಯಿತು ಅಂತ ಕೇಳಿದಳು. ನಾನು ಬಾಳಿನಲ್ಲಿ ಮೊದಲ ಸಲ ಸರ್ಕಾರದ ಪರ ವಾದಿಸಿದೆ: ಏನು ಮಾಡುವುದಮ್ಮಾ, ಅವರ ಕೆಲಸ ನಿಮಗೆ ಗೊತ್ತಲ್ಲ, ಇನ್ನೂ ತಡವಾಗಬಹುದು.

"ಒಳ್ಳೇದಾಯ್ತು ಕಣಪ್ಪ," ಅಂದಳು ಓಪಲ್, ದನಿ ತಗ್ಗಿಸಿ. "ಒಂಚೂರು ತಡ ಮಾಡು ಅಂತ ನಿಂಗೆ ಹೇಳೋಕೇ ಫೋನ್ ಮಾಡ್ದೆ. ಅವ್ಳಿಗೆ ಮಾತ್ರ ಹೇಳ್ಬೇಡ."