ಮಾಸ್ತರರ ಕೊನೆಯ ಸಾಲು

"ಸರೀರಿ, ದಾರಿ ಬಿಡ್ರಿ, ವಿಮಾನ ತಯಾರಾತು," ಎಂದು ನೆರೆಮನೆಯ ಶಟ್ಟೆವ್ವ, ಶವವನ್ನು ಕೂರಿಸಿ ಒಯ್ಯುವ ಹೂವಿನ ಚಟ್ಟದತ್ತ ಕೈ ತೋರುತ್ತ, ಬಾಗಿಲಲ್ಲಿದ್ದವರನ್ನು ಬದಿಗೆ ಸರಿಸುತ್ತಿದ್ದಳು. ಗೋಡೆಗೆ ಆನಿಸಿ ಕೂರಿಸಿದ್ದ ನಿಜಗುಣಪ್ಪ ಮಾಸ್ತರರ ಹಣೆಯ ವಿಭೂತಿಯನ್ನು ಹೆಂಡತಿ ಅನ್ನಪೂರ್ಣಾ ಮತ್ತೊಮ್ಮೆ ಸರಿಪಡಿಸಿದಳು.

ಬೈಲಹೊಂಗಲದ ಹೈಸ್ಕೂಲಿನಲ್ಲಿ ಸಂಸ್ಕೃತ ವ್ಯಾಕರಣವನ್ನೆಲ್ಲ ಪದ್ಯ ಕಟ್ಟಿ ಹಾಡಿಸಿದವರು ಅವರು. ಪಕ್ಕದ ಕೋಣೆಯ ಗಣಿತದ ಸೋಮಪ್ಪ ಮಾಸ್ತರ, "ಇದು ಸಾಲಿಯೋ ಭಜನಿ ಗುಡಿಯೋ" ಎಂದು ಗೊಣಗುತ್ತಲೇ ಜೀವದ ಗೆಳೆಯನಾಗಿಬಿಟ್ಟಿದ್ದ. ಈಗ ಮೂಲೆಯಲ್ಲಿ ಕುಳಿತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಕಡೀ ಗಳಿಗ್ಯಾಗ ಅಂವ ನನ್ನ ಕರದಾನ್ರಿ. ನಾ ಬರೂದ್ರಾಗ ಮುಗದಿತ್ತು."

*

ಲಕ್ವಾ ಹೊಡೆದ ಮೇಲೆ ಮಾಸ್ತರರ ಮಾತು ನಿಂತಿತು, ಹಾಡು ನಿಲ್ಲಲಿಲ್ಲ. ನೀರು ಎನ್ನಲು ಬಾರದ ಬಾಯಿ "ನದ್ಯಾಂ ಜಲಂ" ಎಂದು ರಾಗವಾಗಿ ಹಾಡುತ್ತಿತ್ತು. ಹಸಿದರೆ "ವೃಕ್ಷೇ ಫಲಂ". ಬರೀ ಬಾಯಿಪಾಠ, ಅರ್ಥವಿಲ್ಲ ಎಂದರು ಡಾಕ್ಟರು. ಸಂಸ್ಕೃತದ ಗಂಧವಿಲ್ಲದ ಅನ್ನಪೂರ್ಣಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಲ ಎಂದಾಗ ನೀರು ಕುಡಿಸಿದಳು, ಫಲ ಎಂದಾಗ ಬಾಳೆಹಣ್ಣು ಸುಲಿದಳು. ಮದುವೆಯಾದಾಗಿನಿಂದ ಗಂಡಹೆಂಡತಿ ಇಷ್ಟು ಮಾತಾಡಿದ್ದೇ ಇರಲಿಲ್ಲ.

ನಿನ್ನೆ ಸಂಜೆ ಮಾತ್ರ ಹೊಸ ಸಾಲು ಬಂತು: "ಮಾ ಗಚ್ಛ ಮಿತ್ರ, ನಿಕಟೇ ತಿಷ್ಠ." ಮತ್ತೆ ಮತ್ತೆ ಅದೇ. ಅವಳಿಗೆ ತಿಳಿದದ್ದು ಮಿತ್ರ ಎಂಬುದೊಂದೇ. "ತಡೀರಿ, ಸೋಮಪ್ಪ ಸರ್‌ನ ಕರಕೊಂಡ ಬರತೇನಿ," ಎಂದು ಬರಿಗಾಲಲ್ಲೇ ಓಡಿದಳು. ಬೆನ್ನ ಹಿಂದೆ ಹಾಡು ಜೋರಾಯಿತು. ತಿರುಗಿ ಬಂದಾಗ ಮನೆ ಸುಮ್ಮನಿತ್ತು.

*

ಯರಗಟ್ಟಿಯಿಂದ ಕೌಸರ್ ಬಂದಿದ್ದಳು. ಮಾಸ್ತರರ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಸಂಸ್ಕೃತ ಟೀಚರು. ಅನ್ನಪೂರ್ಣಾ ಅವಳ ಕೈ ಹಿಡಿದು ಆ ಸಾಲನ್ನು ಅದೇ ರಾಗದಲ್ಲಿ ಮೆಲ್ಲಗೆ ಅಂದಳು. "ಇದರಾಗ ಸೋಮಪ್ಪ ಸರ್‌ನ ಕರದಾರ, ಹೌದಲ್ಲವಾ?"

ಹೈಸ್ಕೂಲಿನ ಮೊದಲ ದಿನ ಸಂಸ್ಕೃತಕ್ಕೆ ಹೆದರಿ, ಚೀಲ ಎತ್ತಿಕೊಂಡು ಕ್ಲಾಸಿನ ಬಾಗಿಲವರೆಗೂ ಹೋಗಿದ್ದ ಕೌಸರ್‌ಳನ್ನು ಮಾಸ್ತರರು ಎಲ್ಲ ಮಕ್ಕಳಿಂದ ಇದೇ ಸಾಲು ಹಾಡಿಸಿ ತಡೆದಿದ್ದರು. ಈಗ ಮೂಲೆಯಿಂದ ಸೋಮಪ್ಪನೂ ಕತ್ತೆತ್ತಿ ನೋಡುತ್ತಿದ್ದ. ಹೌದು ಎಂದುಬಿಟ್ಟರೆ ಇಬ್ಬರಿಗೂ ಸಮಾಧಾನ. ಆದರೆ ಸತ್ತವರ ಕೊನೆಯ ಮಾತು ತಿರುಚಲು ಅವಳಿಗೆ ಮನಸ್ಸು ಬರಲಿಲ್ಲ.

"ಯಾರನ್ನೂ ಕರದಿಲ್ರಿ ಅಕ್ಕಾರ. ಹೋಗಬ್ಯಾಡ, ನನ್ನ ಹತ್ರನ ಇರು ಅಂದಾರ. ಮಿತ್ರ ಅಂದದ್ದು ನಿಮಗ ರೀ."

"ಅಯ್ಯ ಶಿವನ, ನಾ ಹೋದ್ನಲ್ಲವಾ!"

ಹೆಗಲು ಕೊಡುವವರು ಒಳಗೆ ಬಂದು ಬಗ್ಗಿದರು. ಅನ್ನಪೂರ್ಣಾ ಅವರ ನಡುವೆ ನುಸುಳಿ, ಗೋಡೆಗೆ ಬೆನ್ನು ಕೊಟ್ಟು, ಗಂಡನ ಭುಜಕ್ಕೆ ಭುಜ ಹಚ್ಚಿ ಕುಳಿತುಬಿಟ್ಟಳು.

"ಹೊತ್ತಾತು, ಏಳವಾ," ಎಂದಳು ಶಟ್ಟೆವ್ವ.

ಎದ್ದವನು ಸೋಮಪ್ಪ. ಒಬ್ಬೊಬ್ಬರನ್ನೇ ಹೊರಗೆ ಕಳಿಸಿ, ಕೊನೆಗೆ ತಾನೂ ಹೊರಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡ.