ಹಳೇದು ಅಂತ ಬರೆದ ಡಿಸ್ಕು

ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಊಟದ ಮೇಜಿನ ಮೇಲೆ ಮಲಗಿಸಿದಾಗ ಗುಬ್ಬಿಗೆ ಯಾವ ಅಳುಕೂ ಇರಲಿಲ್ಲ. ರಿಪೇರಿ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕುವವಳಿಗೆ ಮನೆಯದೊಂದು ಯಾವ ಮಹಾ?

ಒಳಗೆ ಎರಡು ಹಾರ್ಡ್ ಡಿಸ್ಕು, ಅವಳಿ ಮಕ್ಕಳ ಹಾಗೆ. ಒಂದೇ ಕಂಪನಿ, ಒಂದೇ ಅಳತೆ. ಒಂದರಲ್ಲಿ ಏದುಸಿರು ಬಿಡುತ್ತಿದ್ದ ಹಳೆಯ ಸಿಸ್ಟಮ್. ಇನ್ನೊಂದರಲ್ಲಿ ಚಿಕ್ಕಮ್ಮನ ದನಿ.

ಗಂಟಲಿನ ಆಪರೇಷನ್ನಿಗೆ ಮುಂಚಿನ ವಾರ ಚಿಕ್ಕಮ್ಮ ಮೈಕಿನ ಮುಂದೆ ಕೂತು, ತನ್ನ ಅಮ್ಮನಿಂದ ಕೇಳಿದ ನಲವತ್ತೊಂದು ಕಥೆಗಳನ್ನು ಹೇಳಿಟ್ಟಿದ್ದಳು. ಪಕ್ಕದಲ್ಲಿ ಹೂಂಗುಟ್ಟಿದವಳು ಗುಬ್ಬಿ. ಆಮೇಲೆ ಚಿಕ್ಕಮ್ಮ ಮಾತಾಡಿದ್ದಿಲ್ಲ. ಮಡಿಲಲ್ಲೊಂದು ಸ್ಲೇಟು, ಕೈಯಲ್ಲೊಂದು ಬಳಪ. ಯಾರನ್ನಾದರೂ ಕರೆಯಬೇಕಾದರೆ ಲೋಟಕ್ಕೆ ಚಮಚದಿಂದ ಟಣ್ ಟಣ್.

"ಉಳಿಯಬೇಕಾದ ಡಿಸ್ಕಿನ ವೈರನ್ನ ಮೊದಲು ಕೀಳು, ಆಮೇಲೆ ಉಳಿದ ಮಾತು." ಅಂಗಡಿಯ ಯಜಮಾನರು ಮೊದಲ ದಿನವೇ ಕಲಿಸಿದ ಪಾಠ. ಹೊಸ ಸಿಸ್ಟಮ್ ಹಾಕುವಾಗ ಪರದೆಯ ಮೇಲೆ ಕಾಣುವುದು ಡಿಸ್ಕಿನ ನಂಬರು, ಅಳತೆ, ಅಷ್ಟೇ. ಒಳಗೇನಿದೆಯೆಂದು ಅದು ಬಾಯಿ ಬಿಡುವುದಿಲ್ಲ. ಗುಬ್ಬಿ ಬಗ್ಗಿ ನೋಡಿದಳು. ಒಂದರ ಬೆನ್ನಿಗೆ ಚಿಕ್ಕಮ್ಮನ ದುಂಡು ಅಕ್ಷರದ ಚೀಟಿ: "ಹಳೇದು". ಇನ್ನೊಂದು ಬೋಳು.

ಸರಿ, ಅಳಿಸಬೇಕಾದದ್ದು ಹಳೇದು. ಬೋಳು ಡಿಸ್ಕನ್ನು ಕಿತ್ತು ಜೋಪಾನವಾಗಿ ಪಕ್ಕಕ್ಕಿಟ್ಟಳು.

"ನೋಡ್ಕೊಂಡು ಮಾಡೇ," ಸೋಫಾದಿಂದ ಅಣ್ಣನ ರಾಗ. "ಹೋದ್ಸಲ ಫ್ಯಾನ್ ರಿಪೇರಿ ಅಂತ ಇಡೀ ಮನೇನ ಕತ್ತಲಲ್ಲಿ ಕೂರ್ಸಿದ್ದೆ."

"ಅದು ನೀನು ಫ್ಯೂಸ್ ಕಿತ್ತಿದ್ದಕ್ಕೆ. ಬಾಯಿ ಮುಚ್ಕೊಂಡು ಪೇಪರ್ ಓದು."

ಪರದೆಯ ಮೇಲೆ ಡಿಸ್ಕಿನ ಜಾಗವೆಲ್ಲ ಒಂದೇ ಭಾಗವಾಗಿ ಕಂಡಿತು. ಸಿಸ್ಟಮ್ ಇರುವ ಡಿಸ್ಕಾದರೆ ಜೊತೆಗೆ ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಭಾಗವೊಂದೂ ಇರಬೇಕಲ್ಲ? ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಗಾಳಿಗೆ ಬಿಟ್ಟಳು. ಅಳಿಸಲೇ? ಅಳಿಸು. ಖಚಿತವೇ? ಹೌದು. ಡಿಸ್ಕು ಬಟಾಬಯಲಾಯಿತು. ಹೊಸ ಭಾಗ ಮಾಡಿ, ಫಾರ್ಮ್ಯಾಟ್ ಮಾಡಿ, "ಮುಂದೆ" ಒತ್ತಿದಳು. ಸಿಸ್ಟಮ್ ಇಳಿಯತೊಡಗಿತು. ಐದು ಪರ್ಸೆಂಟ್. ಹನ್ನೆರಡು.

ಚಹಾ ಹಿಡಿದು ಬಂದ ಚಿಕ್ಕಮ್ಮ ಮೇಜಿನ ಮೇಲಿದ್ದ ಬೋಳು ಡಿಸ್ಕನ್ನು ನೋಡಿದಳು. ಪೆಟ್ಟಿಗೆಯೊಳಗಿನ ಚೀಟಿಯನ್ನು ನೋಡಿದಳು. ಲೋಟ ಕೈಜಾರಿತು. ಬಾಯಿ ತೆರೆದಳು, ಬರೀ ಉಸಿರು ಬಂತು. ಸ್ಲೇಟು ಎಳೆದುಕೊಂಡು ಗೀಚಿದಳು: "ಹಳೇದು ಅಂದ್ರೆ ಹಳೇ ಕಥೆ!"

ಗುಬ್ಬಿ ಗೋಡೆಯ ಪ್ಲಗ್ಗನ್ನೇ ಕಿತ್ತೆಸೆದಳು. ಹತ್ತೊಂಬತ್ತಕ್ಕೆ ಪರದೆ ಕಪ್ಪಾಯಿತು.

"ಇನ್ನೊಂದು ಕಾಪಿ ಇದೆ ತಾನೇ?" ಅಣ್ಣನ ಮಾತಲ್ಲಿ ಈಗ ತಮಾಷೆ ಇರಲಿಲ್ಲ.

ಬಂದ ಗಿರಾಕಿಗೆಲ್ಲ "ಕಾಪಿ ಇಟ್ಕೊಳ್ಳಿ" ಎಂದು ಗಿಣಿಪಾಠ ಒಪ್ಪಿಸುವ ಗುಬ್ಬಿ ತಲೆ ತಗ್ಗಿಸಿದಳು.

ಅಳಿಸಿದ್ದು ಆಗಲೇ ಅಳಿದುಹೋಗುವುದಿಲ್ಲ. ಮೇಲೆ ಬೇರೆಯದು ಬರೆಯುವ ತನಕ ಅಡಿಯಲ್ಲಿ ಉಸಿರು ಹಿಡಿದು ಕೂತಿರುತ್ತದೆ. ಆದರೆ ಹತ್ತೊಂಬತ್ತು ಪರ್ಸೆಂಟ್ ಬರೆದಾಗಿತ್ತಲ್ಲ. ಅಂಗಡಿಯಲ್ಲಿ ಮೂರು ದಿನ ಡಿಸ್ಕನ್ನು ಜಾಲಾಡಿದರು. ಇಪ್ಪತ್ತೆಂಟು ಕಥೆಗಳು ಸಿಕ್ಕವು, ಹೆಸರು ಕಳೆದುಕೊಂಡು ಬರೀ ನಂಬರುಗಳಾಗಿ.

"ಇಷ್ಟೇ ಕಣಮ್ಮ," ಎಂದರು ಯಜಮಾನರು. ಬೈದಿದ್ದರೆ ಚೆನ್ನಾಗಿತ್ತು.

"ಹೋದದ್ದನ್ನ ಬರೆದುಕೊಡ್ತೀನಿ ಬಿಡು," ಎಂದು ಚಿಕ್ಕಮ್ಮನ ಸ್ಲೇಟು ಸಮಾಧಾನ ಹೇಳಿತು. ಬರೆಯಬಹುದು. ರಾಕ್ಷಸ ಬಂದಾಗ ತಗ್ಗುತ್ತಿದ್ದ ಆ ದನಿಯನ್ನು ಯಾವ ಬಳಪ ಬರೆದೀತು?

ಸಿಕ್ಕಿದ್ದಕ್ಕೆಲ್ಲ ಎರಡೆರಡು ಕಾಪಿ ಮಾಡಿಟ್ಟು, ಗುಬ್ಬಿಯೂ ಚಿಕ್ಕಮ್ಮನೂ ಕೇಳಲು ಕೂತರು. ಹದಿನೇಳನೆಯ ನಂಬರು.

"ಒಂದೂರಲ್ಲಿ ಒಬ್ಬಳು ರಾಜಕುಮಾರಿ. ಅವಳ ನೆರಳು ಕಳೆದುಹೋಯ್ತು."

"ಹೂಂ."

"ಹುಡುಕ್ತಾ ಹುಡುಕ್ತಾ ಏಳು ಸಮುದ್ರ ದಾಟಿದ್ಲು. ಅಲ್ಲೊಂದು ಬಾಗಿಲು. ತಟ್ಟಿದ್ರೆ ಒಳಗಿಂದ..."

ಕರ್‍ರ್ ಎಂದು ದನಿ ಹರಿದುಹೋಯಿತು. ಆಮೇಲೆ ಮೌನ. ಆ ಮೌನದ ತುದಿಯಲ್ಲಿ, ಯಾರಿಗೋ ಏನೋ, ರೆಕಾರ್ಡಿನೊಳಗಿನ ಗುಬ್ಬಿಯದೇ ಒಂದು "ಹೂಂ".

ಅವಳಿಗೆ ನೆನಪಾಯಿತು. ಈ ಕಥೆಗೆ ಪ್ರತಿಸಲವೂ ಅರ್ಧಕ್ಕೇ ನಿದ್ದೆಹೋಗಿ, ರೆಕಾರ್ಡಿನ ದಿನವೂ ತೂಕಡಿಸುತ್ತಲೇ ಹೂಂಗುಟ್ಟಿದ್ದಳು. ಕೊನೆ ಕೇಳಿದ್ದೇ ಇಲ್ಲ.

"ಒಳಗಿಂದ ಏನಾಯ್ತು ಚಿಕ್ಕಮ್ಮಾ?"

ಚಿಕ್ಕಮ್ಮ ಸ್ಲೇಟಿನ ತುಂಬ ಬರೆದಳು: "ಒಳಗಿಂದ ಅವಳದೇ ದನಿ ಕೇಳಿತು, ಯಾರದು ಅಂತ. ಇವಳು ಬಾಯಿ ತೆರೆದಳು. ಆದರೆ". ಜಾಗ ಮುಗಿಯಿತು. ಒದ್ದೆಬಟ್ಟೆ ಎತ್ತಿಕೊಂಡಳು.

"ಒರೆಸ್ಬೇಡ!" ಗುಬ್ಬಿ ಅವಳ ಮಣಿಕಟ್ಟು ಹಿಡಿದಳು. "ಇರು, ಬರ್ಕೊಳ್ತೀನಿ, ಇರು."

ಪೆನ್ನಿಗಾಗಿ ಅವಳು ಮನೆಯೆಲ್ಲ ತಡಕಾಡುವಷ್ಟು ಹೊತ್ತೂ ಚಿಕ್ಕಮ್ಮ ಬಟ್ಟೆಯನ್ನು ಗಾಳಿಯಲ್ಲೇ ಹಿಡಿದು ಕಾದಳು, ಒಂದು ಹನಿಯೂ ಸ್ಲೇಟಿನ ಮೇಲೆ ಬೀಳದ ಹಾಗೆ.